ಹಿಮ ಹೊತ್ತ ತಾಳೆ

ಆಲ್ಪ್ಸ್ ಪರ್ವತಗಳ ಉತ್ತರದಿಂದ ಹೊರಟು, ಗೊಟ್ಟಾರ್ಡ್ ಸುರಂಗವನ್ನು ದಾಟಿ, ದಕ್ಷಿಣದ ಇಳಿಜಾರಿಗೆ ಬರುವ ರೈಲುಪ್ರಯಾಣಿಕನಿಗೆ ಸ್ವಿಟ್ಜರ್ಲೆಂಡಿನ ತಿಚೀನೊ ಪ್ರಾಂತದಲ್ಲಿ ಒಂದು ಆಶ್ಚರ್ಯವು ಕಾದಿರುತ್ತದೆ. ಮಾಜೋರೆ ಸರೋವರದ ದಂಡೆಯಲ್ಲಿ ಲೊಕಾರ್ನೊ ಎಂಬ ನಗರವುಂಟು. ಅದರ ಹಿಂದೆ ಹಿಮದಿಂದ ಬೆಳ್ಳಗಾದ ಶಿಖರಗಳು; ಮುಂದೆ ನೀರು; ನೀರಿನ ಅಂಚಿನಲ್ಲಿ, ಬೀದಿಯ ಬದಿಯಲ್ಲಿ, ಮನೆಗಳ ಅಂಗಳದಲ್ಲಿ, ನೆಟ್ಟಗೆ ನಿಂತ ತಾಳಜಾತಿಯ ಮರಗಳು. ಚಳಿಗಾಲದ ಕೆಲವು ಬೆಳಗುಗಳಲ್ಲಿ ಅವುಗಳ ಬೀಸಣಿಗೆಯಂಥ ಗರಿಗಳ ಮೇಲೆ ಹಿಮವು ಕುಳಿತಿರುವುದೂ ಉಂಟು. ತೆಂಗು, ಅಡಕೆ, ಈಚಲು, ಬಗನಿಗಳ ನಡುವೆ ಹುಟ್ಟಿ ಬೆಳೆದ ಕನ್ನಡಿಗನ ಕಣ್ಣಿಗೆ ಈ ನೋಟವು ಚಿತ್ರಗಾರನೊಬ್ಬನ ಪ್ರಮಾದದಂತೆ ತೋರಿದರೆ ತಪ್ಪಿಲ್ಲ. ಈ ಕುಲದ ಮರಗಳಿಗೆಲ್ಲ ಬಿಸಿಲೇ ತಾಯಿ ಎಂದು ನಮ್ಮವರು ಬಲ್ಲರು. ಯೂರೋಪಿನವರೂ ಬಹುಕಾಲ ಹಾಗೆಯೇ ತಿಳಿದಿದ್ದರು.

ಆ ತಿಳಿವಳಿಕೆಗೆ ಅವರು ತೆತ್ತ ಬೆಲೆ ಅಲ್ಪವಲ್ಲ. ಲಂಡನ್ನಿನ ಬಳಿಯ ಕ್ಯೂ ಸಸ್ಯೋದ್ಯಾನದಲ್ಲಿ 1844ರಿಂದ 1848ರ ವರೆಗೆ ತಾಳವೃಕ್ಷಗಳಿಗೆಂದೇ ಒಂದು ಮಹಾಮಂದಿರವು ಎದ್ದಿತು. ಡೆಸಿಮಸ್ ಬರ್ಟನ್ನನೂ ರಿಚರ್ಡ್ ಟರ್ನರನೂ ಕೂಡಿ ಕಬ್ಬಿಣ ಗಾಜುಗಳಿಂದ ಕಟ್ಟಿದ ಆ ಮನೆಯ ಉದ್ದ 360 ಅಡಿಗೂ ಮಿಕ್ಕಿದೆ. ನಡುವಿನ ಭಾಗದ ಎತ್ತರ 60 ಅಡಿಯನ್ನು ಮೀರಿದೆ. ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಯನ್ನು ಕಂಡವರು ಇದರ ರೂಪವನ್ನು ಸ್ವಲ್ಪಮಟ್ಟಿಗೆ ಊಹಿಸಿಕೊಳ್ಳಬಹುದು. ಆದರೆ ಲಾಲ್‌ಬಾಗಿನ ಮನೆಗೆ ಬೆಂಕಿಯ ಅಗತ್ಯವಿಲ್ಲ. ಕ್ಯೂವಿನದು ಬೆಂಕಿಯಿಲ್ಲದೆ ಒಂದು ಚಳಿಗಾಲವೂ ಬಾಳಲಾರದು. ಅದಕ್ಕಾಗಿ ನೆಲಮಾಳಿಗೆಯಲ್ಲಿ ಬಾಯ್ಲರುಗಳನ್ನಿಟ್ಟರು. ಕಲ್ಲಿದ್ದಲನ್ನು ತರಲು ನೆಲದಡಿಯಲ್ಲಿ ಸುರಂಗವನ್ನು ತೋಡಿದರು. ಹೊಗೆಯು ತೋಟದ ಅಂದವನ್ನು ಕೆಡಿಸಬಾರದೆಂದು ಅದನ್ನೂ ಆ ಸುರಂಗದೊಳಗಿಂದಲೇ ನೂರಾರು ಅಡಿ ದೂರ ಸಾಗಿಸಿ, ಗಂಟೆಗೋಪುರದಂತೆ ಕಾಣುವ ಒಂದು ಚಿಮಣಿಯಿಂದ ಹೊರಬಿಟ್ಟರು. ನೆಲಮಾಳಿಗೆಗೆ ನೀರು ನುಗ್ಗಿ ಬೆಂಕಿಗೆ ಅಡ್ಡಿಯಾಗುತ್ತಿದ್ದುದು ಬೇರೆಯ ತಾಪತ್ರಯ. ಇಷ್ಟೆಲ್ಲ ಆದದ್ದು ತಾಳೆಯೆಂದರೆ ಉಷ್ಣವಲಯದ ಗಿಡವೆಂಬ ಒಂದು ನಂಬಿಕೆಯ ಮೇಲೆ. ಮಂದಿರವು ಮುಗಿದ ಮರುವರ್ಷವೇ, ಅಂದರೆ 1849ರಲ್ಲಿ, ಗಾಜೂ ಬೇಡದ, ಕಲ್ಲಿದ್ದಲೂ ಬೇಡದ ತಾಳೆಯ ಗಿಡಗಳು ಅದೇ ಉದ್ಯಾನದ ಬಾಗಿಲಿಗೆ ಬಂದವು.

ಅವನ್ನು ಕಳುಹಿದವನು ರಾಬರ್ಟ್ ಫಾರ್ಚೂನ್. 1812ರಲ್ಲಿ ಸ್ಕಾಟ್ಲೆಂಡಿನ ಬಡ ಮನೆತನವೊಂದರಲ್ಲಿ ಹುಟ್ಟಿ, ಎಡಿನ್‌ಬರೊ ಸಸ್ಯೋದ್ಯಾನದಲ್ಲಿ ಕೆಲಸ ಕಲಿತು, ಲಂಡನ್ನಿನ ತೋಟಗಾರಿಕೆಯ ಸಂಘದ ಸೇವೆಗೆ ಸೇರಿದವನು. 1842ರ ನಾನ್‌ಕಿಂಗ್ ಒಡಂಬಡಿಕೆಯಿಂದ ಚೀನದ ಕೆಲವು ಬಂದರುಗಳು ಪರದೇಶದವರಿಗೆ ತೆರೆದಾಗ, ಆ ಸಂಘವು ಮರುವರ್ಷ ಅವನನ್ನು ಹೊಸ ಗಿಡಗಳ ಶೋಧಕ್ಕೆ ಅಟ್ಟಿತು. ವರ್ಷಕ್ಕೆ ನೂರು ಪೌಂಡು ಸಂಬಳ. ಆತ್ಮರಕ್ಷಣೆಗೆ ತುಪಾಕಿ ಬೇಕೆಂದರೆ ಮೊದಲು ಅದಕ್ಕೂ ಕೊಂಕು. ವಾದಿಸಿ ಪಡೆದ ಆ ತುಪಾಕಿಯೇ ಮುಂದೆ ಚೀನದ ಕರಾವಳಿಯಲ್ಲಿ ಕಡಲುಗಳ್ಳರು ಅವನಿದ್ದ ಹಡಗನ್ನು ಮುತ್ತಿದಾಗ ಪ್ರಾಣವನ್ನುಳಿಸಿತು. 1848ರಲ್ಲಿ ಅವನು ಎರಡನೆಯ ಸಲ ಹೊರಟಾಗ ಒಡೆಯರು ಬದಲಾಗಿದ್ದರು. ಈಸ್ಟ್ ಇಂಡಿಯಾ ಕಂಪನಿಗೆ ಚೀನದ ಚಹದ ಗಿಡಗಳೂ ಅದನ್ನು ಹದಮಾಡಬಲ್ಲ ಕುಶಲರೂ ಬೇಕಾಗಿದ್ದರು. ಸಂಬಳವು ಐದು ಪಟ್ಟಾಗಿ ಏರಿತು. ತಲೆ ಬೋಳಿಸಿ, ಜಡೆ ಕಟ್ಟಿಕೊಂಡು, ಚೀನೀಯರ ಉಡುಪಿನಲ್ಲಿ ಅವನು ಒಳನಾಡನ್ನು ಹೊಕ್ಕ ಕಥೆಯು ಪ್ರಸಿದ್ಧವಾದುದು. ಒಂದು ದೇಶದ ಜೀವನೋಪಾಯವನ್ನು ವೇಷ ಮರೆಸಿಕೊಂಡು ಕೊಂಡೊಯ್ದುದನ್ನು ಸಾಹಸವೆಂದು ಮಾತ್ರ ಬಣ್ಣಿಸುವುದು ನ್ಯಾಯವಲ್ಲ. ಆದರೆ ಅದೇ ಪ್ರಯಾಣದಲ್ಲಿ ಅವನು ಮಾಡಿದ ಸಣ್ಣದೊಂದು ಕೆಲಸವೇ ಇಲ್ಲಿಯ ವಿಷಯ.

ಚೀನದ ಪೂರ್ವತೀರದಲ್ಲಿ ಚೂಸಾನ್ ಎಂಬ ದ್ವೀಪವಿದೆ. ಈಗ ಅದನ್ನು ಝೌಶಾನ್ ಎನ್ನುವರು. ಅಲ್ಲಿಯೂ ಎದುರು ನಾಡಾದ ಜೆಜಿಯಾಂಗಿನ ಗುಡ್ಡಗಳಲ್ಲಿಯೂ ಬೀಸಣಿಗೆ ಗರಿಯ ತಾಳೆಯೊಂದು ಹಿಮ ಬೀಳುವ ನೆಲದಲ್ಲಿ ನಿರಾತಂಕವಾಗಿ ಬೆಳೆದುದನ್ನು ಫಾರ್ಚೂನನು ಕಂಡನು. ಅದು ಕಾಡುಮರವೂ ಅಲ್ಲ, ಅಲಂಕಾರದ ಗಿಡವೂ ಅಲ್ಲ, ಒಕ್ಕಲಿಗನ ಸೊತ್ತು. ಅದರ ಕಾಂಡವನ್ನು ಕಂದುಬಣ್ಣದ ಒರಟು ನಾರು ಸುತ್ತಿಕೊಂಡಿರುತ್ತದೆ. ಆ ನಾರನ್ನು ಬಿಡಿಸಿ ಅಲ್ಲಿಯ ಜನರು ಹಗ್ಗ ಹೊಸೆಯುತ್ತಿದ್ದರು. ಮಳೆಗಾಲದ ಗದ್ದೆ ಕೆಲಸಕ್ಕೆ ಮೈಮುಚ್ಚುವ ಹೊದಿಕೆಯನ್ನೂ ಟೋಪಿಯನ್ನೂ ಹೆಣೆಯುತ್ತಿದ್ದರು. ನಮ್ಮ ಮಲೆನಾಡಿನ ಆಳು ನಾಟಿಯ ಹೊತ್ತಿಗೆ ಗೊರಬನ್ನು ಸೂಡಿದಂತೆ, ಚೂಸಾನಿನ ರೈತನು ತನ್ನ ಹಿತ್ತಿಲ ತಾಳೆಯನ್ನೇ ತೊಟ್ಟು ಮಳೆಗಿಳಿಯುತ್ತಿದ್ದನು. ಈ ಮರವು ಚಳಿಗೆ ಅಂಜುವುದಿಲ್ಲವೆಂಬುದು ಆ ರೈತನಿಗೆ ಹೊಸ ಸಂಗತಿಯೇನೂ ಆಗಿರಲಿಲ್ಲ.

ಹಾಗೆ ನೋಡಿದರೆ ಈ ಜಾತಿಯನ್ನು ಯೂರೋಪಿಗೆ ಮೊದಲು ತಂದ ಕೀರ್ತಿ ಫಾರ್ಚೂನನದಲ್ಲ. ಜಪಾನಿನ ದೇಜಿಮಾದಲ್ಲಿ ಡಚ್ಚರ ವೈದ್ಯನಾಗಿದ್ದ ಸೀಬೋಲ್ಡನು 1830ರಲ್ಲಿಯೇ ಬೀಜಗಳನ್ನು ಹಾಲೆಂಡಿನ ಲೈಡನ್ನಿಗೆ ತಲುಪಿಸಿದ್ದನು. ಫಾರ್ಚೂನನ ಹೆಚ್ಚಳವೆಂದರೆ ಮರದೊಂದಿಗೆ ಅದರ ನೆಲೆಯನ್ನೂ ಗಮನಿಸಿದುದು: ಹಿಮವನ್ನು ಹೊತ್ತು ನಿಂತ ಗಿಡಕ್ಕೆ ಗಾಜಿನ ಮನೆಯೇಕೆ ಎಂದು ಅವನು ಯೋಚಿಸಿದನು. ಕೆಲವು ಗಿಡಗಳನ್ನು ಕ್ಯೂವಿನ ಮುಖ್ಯಸ್ಥನಾದ ಸರ್ ವಿಲಿಯಂ ಹೂಕರನಿಗೆ ಕಳುಹಿಸಿ, ಒಂದನ್ನು ವೈಟ್ ದ್ವೀಪದ ಆಸ್ಬರ್ನಿನಲ್ಲಿದ್ದ ರಾಣಿ ವಿಕ್ಟೋರಿಯಾಳ ಪತಿ ಆಲ್ಬರ್ಟ್ ರಾಜಕುಮಾರನ ತೋಟಕ್ಕೆ ಮುಟ್ಟಿಸಬೇಕೆಂದು ಬೇಡಿಕೊಂಡನು. ಆ ಕಾಲದಲ್ಲಿ ಗಿಡಗಳು ತಿಂಗಳುಗಟ್ಟಲೆ ಸಮುದ್ರಯಾನದ ಉಪ್ಪುಗಾಳಿಯನ್ನು ತಾಳಿಕೊಂಡು ಬದುಕುತ್ತಿದ್ದುದಕ್ಕೆ ಲಂಡನ್ನಿನ ವೈದ್ಯ ವಾರ್ಡನು ಬಳಕೆಗೆ ತಂದ, ಗಾಜು ಹೊದೆಸಿದ ಮುಚ್ಚಿದ ಪೆಟ್ಟಿಗೆಯು ಕಾರಣ. ಬಯಲಿನಲ್ಲಿ ನೆಟ್ಟ ಆ ಗಿಡಗಳು ಇಂಗ್ಲೆಂಡಿನ ಚಳಿಗಾಲಗಳನ್ನು ಎದುರಿಸಿ ನಿಂತವು. ಹೂಕರನು 1860ರಲ್ಲಿ ಗಿಡಕ್ಕೆ ಫಾರ್ಚೂನನ ಹೆಸರನ್ನಿಟ್ಟನು. ಅನಂತರ ಜರ್ಮನಿಯ ವೆಂಡ್‌ಲಾಂಡನು ಅದನ್ನು ‘ಒರಟು ಹಣ್ಣು’ ಎಂಬರ್ಥದ ಟ್ರಾಕಿಕಾರ್ಪಸ್ ಎಂಬ ಗಣಕ್ಕೆ ಸೇರಿಸಿದನು.

ಈ ತಾಳೆಯ ತಾಳ್ಮೆಗೂ ಒಂದು ಎಲ್ಲೆಯಿದೆ. ತೆಂಗಿನಂತೆ ಇದಕ್ಕೂ ಜೀವವೆಲ್ಲ ಒಂದೇ ಸುಳಿಯಲ್ಲಿ. ಸುಳಿಯು ಹೆಪ್ಪುಗಟ್ಟಿ ಸತ್ತರೆ ಪಕ್ಕದಿಂದ ಚಿಗುರುವ ಆಸೆಯಿಲ್ಲ. ಬಲಿತ ಮರವು ಸೊನ್ನೆಗಿಂತ ಸುಮಾರು 15 ಸೆಂಟಿಗ್ರೇಡ್ ಕೆಳಗಿನ ಚಳಿಯನ್ನು ಕೆಲಕಾಲ ಸಹಿಸಬಲ್ಲದು. ಎಳೆಯದಕ್ಕೆ ಅಷ್ಟು ಕಸುವಿಲ್ಲ. ಇಂಗ್ಲೆಂಡಿನ ಟಾರ್ಕಿ ಪಟ್ಟಣದಲ್ಲಿಯೂ ಸ್ಕಾಟ್ಲೆಂಡಿನ ಪಶ್ಚಿಮ ತೀರದಲ್ಲಿಯೂ ಜನರು ಹೆಮ್ಮೆಯಿಂದ ತಾಳೆಯೆಂದು ತೋರಿಸುವ ಮರಗಳಲ್ಲಿ ಬಹುಪಾಲು ನ್ಯೂಜೀಲೆಂಡಿನ ಕಾರ್ಡಿಲೈನ್ ಎಂಬ ಬೇರೆ ಕುಲದವು. ಹೆಸರಿಗೆ ಮರುಳಾಗುವುದು ಎಲ್ಲ ದೇಶಗಳಲ್ಲಿಯೂ ಉಂಟಷ್ಟೆ.

ಭಾರತಕ್ಕೂ ಈ ಗಣದೊಡನೆ ನಂಟಿದೆ. ಫಾರ್ಚೂನನು ಚೀನದಿಂದ ತಂದ ಚಹದ ಸಸಿಗಳು ಹಿಮಾಲಯದ ಗಢವಾಲ ಕುಮಾವೂಂಗಳ ತೋಟಗಳನ್ನು ಸೇರಿದವು. 1851ರಲ್ಲಿ ಅವನೇ ಆ ತೋಟಗಳನ್ನು ನೋಡಲು ಬಂದಿದ್ದನು. ಅದೇ ಕುಮಾವೂಂನಲ್ಲಿ, ಪಿಥೋರಾಗಢದ ಹತ್ತಿರದ ಥಲ್‌ಕೇದಾರ ಬೆಟ್ಟದಲ್ಲಿ, ಚೂಸಾನಿನ ತಾಳೆಯ ದಾಯಾದಿಯೊಂದು ಹಿಮ ಬೀಳುವ ಎತ್ತರದಲ್ಲಿ ಹುಟ್ಟಿ ಬೆಳೆಯುತ್ತಿತ್ತು. 1840ರ ದಶಕದಲ್ಲಿ ಎಡ್ವರ್ಡ್ ಮ್ಯಾಡನ್ ಎಂಬ ಸೇನಾಧಿಕಾರಿಯು ಅದರ ವಿಷಯ ಬರೆದಿದ್ದನಾದರೂ, ಇಟಲಿಯ ಬೆಕ್ಕಾರಿಯು ಅದಕ್ಕೆ ಬೆಟ್ಟದ ಹೆಸರಿನಿಂದಲೇ ತಕಿಲ್ ಎಂದು ಶಾಸ್ತ್ರೀಯ ನಾಮಕರಣ ಮಾಡಿದುದು 1905ರಲ್ಲಿ. ಸಮುದ್ರದಾಚೆಯ ಬಂಧುವು ಅರ್ಧ ಜಗತ್ತನ್ನು ಸುತ್ತಿಬಂದರೂ ಈ ಮರವು ತನ್ನ ಬೆಟ್ಟದಲ್ಲಿಯೇ ವಿರಳವಾಗಿ ಉಳಿದಿದೆ.

ಇತ್ತ ಲೊಕಾರ್ನೊ ಲುಗಾನೊಗಳ ಉದ್ಯಾನಗಳಿಗೆ ಬಂದ ತಾಳೆಯು ಬಹುಕಾಲ ಸಭ್ಯ ಅತಿಥಿಯಂತೆ ಬೇಲಿಯೊಳಗೆ ಇದ್ದಿತು. ಪ್ರವಾಸಿಗಳ ಪಟಗಳಲ್ಲಿ ಅದು ತಿಚೀನೊ ಪ್ರಾಂತದ ಗುರುತೇ ಆಗಿ, ‘ತಿಚೀನೊ ತಾಳೆ’ ಎಂಬ ಹೆಸರೂ ಬಂದಿತು. ಇದರಲ್ಲಿ ಗಂಡುಮರ ಹೆಣ್ಣುಮರಗಳು ಸಾಮಾನ್ಯವಾಗಿ ಬೇರೆ ಬೇರೆ. ಎರಡೂ ಬಲಿತ ಮೇಲೆ ಗೊಂಚಲು ಗೊಂಚಲಾಗಿ ಕರಿನೀಲಿಯ ಹಣ್ಣುಗಳಾದವು. ಹಕ್ಕಿಗಳು ಅವನ್ನು ತಿಂದು ಬೀಜವನ್ನು ಕಾಡಿಗೆ ಒಯ್ದವು. ಹಿಂದಿನ ಚಳಿಗಾಲಗಳು ಮೊಳಕೆಗಳನ್ನು ಕೊಂದು ಲೆಕ್ಕ ಸರಿಮಾಡುತ್ತಿದ್ದವು. ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಚಳಿಯ ಮೊನೆ ಮೊಂಡಾದಂತೆ ಮೊಳಕೆಗಳು ಉಳಿದವು. ಎಲೆಯುದುರಿಸುವ ಕಾಡಿನ ನೆಲದಲ್ಲಿ ವರ್ಷವಿಡೀ ಹಸುರಾಗಿರುವ ತಾಳೆಯ ಪೊದೆಗಳು ಹಬ್ಬಿ, ಅಲ್ಲಿಯ ಸಸಿಗಳಿಗೆ ಬೆಳಕಿಲ್ಲದಂತಾಯಿತು. ಬೆಟ್ಟದ ಇಳಿಜಾರನ್ನು ಬಿಗಿಹಿಡಿಯಲು ನಾಡಮರಗಳ ಬೇರಿಗಿರುವ ಬಲವು ಇದಕ್ಕಿಲ್ಲವೆಂಬುದು ಅರಣ್ಯದವರ ಚಿಂತೆ. ಬೆಟ್ಟದಡಿಯಲ್ಲಿ ಊರುಗಳಿರುವ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ.

2024ರ ಸೆಪ್ಟೆಂಬರ್ 1ರಿಂದ ಸ್ವಿಟ್ಜರ್ಲೆಂಡಿನಲ್ಲಿ ಈ ತಾಳೆಯನ್ನು ಮಾರುವುದೂ ದಾನವಾಗಿ ಕೊಡುವುದೂ ಹೊರಗಿನಿಂದ ತರುವುದೂ ನಿಷಿದ್ಧವಾಯಿತು. ಮೊದಲೇ ನೆಟ್ಟವನ್ನು ಕಡಿಯಬೇಕೆಂದು ಆ ಕಟ್ಟಳೆಯು ಹೇಳುವುದಿಲ್ಲ. ಆದುದರಿಂದ ಸರೋವರದ ದಂಡೆಯ ಹಳೆಯ ಮರಗಳು ತಮ್ಮ ಸ್ಥಾನದಲ್ಲಿಯೇ ನಿಂತಿವೆ. ಹಣ್ಣು ಕಟ್ಟುವ ಮುನ್ನ ಹೂಗೊಂಚಲುಗಳನ್ನು ಕತ್ತರಿಸಿಹಾಕಬೇಕೆಂದು ಮಾತ್ರ ತೋಟದ ಒಡೆಯರಿಗೆ ತಿಳಿವಳಿಕೆ ಕೊಡಲಾಗುತ್ತಿದೆ.