ವಲಿಯ ಸೂರತ್ತೂ ಗಜಲಿನ ಪುಲ್ಲಿಂಗವೂ

ದಖನ್ನೂ ಗುಜರಾತೂ ತಮ್ಮವನೆಂದು ಹೇಳಿಕೊಳ್ಳುವ ಕವಿ ವಲಿ ದಖನಿಯು ಸೂರತ್ ನಗರವನ್ನು ಹೊಗಳಿ ಒಂದು ಮಸ್ನವಿಯನ್ನು ರಚಿಸಿದ್ದಾನೆ. ಬಂದರಿನ ವೈಭವದೊಡನೆ ಅಲ್ಲಿನ ಚೆಲುವರೂ ಅದರ ವಸ್ತು. 1707ರ ಸುಮಾರಿನಲ್ಲಿ ಅಹಮದಾಬಾದಿನಲ್ಲಿ ಮಡಿದ ಈ ಕವಿಯ ಗೋರಿಯನ್ನು 2002ರ ಗಲಭೆಯಲ್ಲಿ ಕೆಡವಲಾಯಿತು. ಆ ಸ್ಥಳದ ಮೇಲೆ ಡಾಂಬರು ರಸ್ತೆ ಬಂದಿತು.

ವಲಿಯ ಗಜಲುಗಳಲ್ಲಿ ಅಮೃತಲಾಲ್, ಗೋವಿಂದಲಾಲ್ ಮೊದಲಾದ ಪುರುಷನಾಮಗಳು ಪ್ರಿಯರ ಸ್ಥಾನದಲ್ಲಿ ಬರುತ್ತವೆ. ಇದನ್ನು ಕವಿಯ ಜೀವನವೃತ್ತಾಂತವೆಂದು ಓದುವುದು ಅವಸರದ ಮಾತು. ಪಾರಸಿಯಿಂದ ಬಂದ ಕವಿಸಮಯವೆಂದು ತಳ್ಳಿಹಾಕುವುದೂ ಅಷ್ಟೇ ಅವಸರದ್ದು. ಬರಿಯ ಕವಿಸಮಯಕ್ಕೆ ನೆರೆಹೊರೆಯ ಹೆಸರುಗಳು ಬೇಕಿರಲಿಲ್ಲ. ಆದರೂ 1893ರ ಕಾವ್ಯಮೀಮಾಂಸೆಯಲ್ಲಿ ಅಲ್ತಾಫ್ ಹುಸೇನ್ ಹಾಲಿಯವರು ಗಜಲಿನ ಪ್ರಿಯನು ಗಂಡಾಗಿರುವುದನ್ನೇ ಆಕ್ಷೇಪಿಸಿದರು. ಅಂತಹ ಪಠ್ಯಗಳನ್ನು ಮತ್ತೆ ಒಂದೆಡೆ ತಂದದ್ದು 2000ದಲ್ಲಿ ರೂತ್ ವನಿತಾ, ಸಲೀಂ ಕಿದ್ವಾಯಿ ಅವರ ಸಂಕಲನ.

ಕನ್ನಡಕ್ಕೆ ತರುವಾಗ ತೊಡಕು ಬೇರೆ. ಉರ್ದುವಿನ ‘ವೋ’ ಎಂಬ ಸರ್ವನಾಮಕ್ಕೆ ಲಿಂಗವಿಲ್ಲ, ಕ್ರಿಯಾಪದಕ್ಕೆ ಉಂಟು. ನಮ್ಮಲ್ಲಾದರೋ ಅವನೋ ಅವಳೋ ಎಂಬುದನ್ನು ಮೊದಲೇ ಆರಿಸಬೇಕು. ತರಗತಿಯಲ್ಲಿ ನಾನು ಬಹುಕಾಲ ‘ಅವಳು’ ಎಂದೇ ಅನುವಾದಿಸಿ ಹೇಳುತ್ತಿದ್ದೆನು. ಕಾರಣ ಸಂಕೋಚ, ವ್ಯಾಕರಣವಲ್ಲ. ‘ಶರಣಸತಿ ಲಿಂಗಪತಿ’ ಭಾವದಲ್ಲಿ ವಚನಕಾರನು ಹೆಣ್ಣಾಗುವುದನ್ನು ನಿರಾತಂಕವಾಗಿ ವಿವರಿಸುತ್ತಿದ್ದವನಿಗೆ, ಗಂಡು ಗಂಡಾಗಿಯೇ ಗಂಡನ್ನು ಮೋಹಿಸುವುದು ನಾಲಗೆಗೆ ಬರುತ್ತಿರಲಿಲ್ಲ. ವಸುಧೇಂದ್ರರ ‘ಮೋಹನಸ್ವಾಮಿ’ (2013) ಕಥೆಗಳನ್ನು ಓದಿದ ಮೇಲೆ ಹಳೆಯ ಟಿಪ್ಪಣಿಗಳನ್ನು ತೆರೆದು, ಪುರುಷನಾಮವಿದ್ದ ಕಡೆಗಳಲ್ಲೆಲ್ಲ ‘ಅವನು’ ಎಂದು ತಿದ್ದಿದೆನು.