ಬಡ್ತಿಯ ಪ್ಲೇಆಫ್: ಇಂಗ್ಲೆಂಡಿನ ಪದ್ಧತಿ

ಇಂಗ್ಲಿಷ್ ಫುಟ್‌ಬಾಲ್ ಲೀಗಿನಲ್ಲಿ ಮೇಲಿನ ವಿಭಾಗಕ್ಕೇರುವ ಕೊನೆಯ ಸ್ಥಾನವನ್ನು ನಿರ್ಣಯಿಸುವ ಪಂದ್ಯಗಳಿಗೆ ಪ್ಲೇಆಫ್ ಎಂದು ಹೆಸರು. 1987ರಲ್ಲಿ ಆರಂಭವಾದಾಗ ಮೇಲಿನ ವಿಭಾಗದ ತಂಡವೊಂದೂ ಇದರಲ್ಲಿ ಆಡಬೇಕಿತ್ತು. 1988ರಲ್ಲಿ ಚೆಲ್ಸಿ ಹೀಗೆಯೇ ಮಿಡಲ್ಸ್‌ಬರೋಗೆ ಸೋತು ಕೆಳಗಿಳಿಯಿತು. 1990ರಿಂದ ಅಂತಿಮ ಹಣಾಹಣಿ ಒಂದೇ ಪಂದ್ಯದ್ದು.

24 ತಂಡಗಳ ಚಾಂಪಿಯನ್‌ಶಿಪ್ ವಿಭಾಗದಲ್ಲಿ 2024-25ರಲ್ಲಿ ಮೊದಲೆರಡು ತಂಡಗಳು ನೇರವಾಗಿ ಪ್ರೀಮಿಯರ್ ಲೀಗಿಗೇರಿದವು. ಮೂರರಿಂದ ಆರನೆಯ ಸ್ಥಾನದವು ಪ್ಲೇಆಫ್ ಆಡಿದವು. ವರ್ಷವಿಡೀ ಓದಿದವನನ್ನು ಒಂದೇ ಪ್ರಶ್ನೆಯಿಂದ ಅಳೆಯುವ ಈ ಕ್ರಮ ನ್ಯಾಯವೆನಿಸದು; ಆದರೂ ಆರನೆಯವರಿಗೆ ಆಸೆ ಉಳಿಯುವುದು ಇದರಿಂದಲೇ. ಎರಡಂಕದ ದಂಡದ ಬಳಿಕವೂ 90 ಅಂಕ ಗಳಿಸಿ ಮೂರನೆಯದಾಗಿದ್ದ ಶೆಫೀಲ್ಡ್ ಯುನೈಟೆಡ್, ನಾಲ್ಕನೆಯದಾಗಿ 76 ಅಂಕ ಪಡೆದಿದ್ದ ಸಂಡರ್‌ಲ್ಯಾಂಡ್‌ಗೆ ವೆಂಬ್ಲಿಯಲ್ಲಿ 1-2ರಿಂದ ಸೋತಿತು. ಗೆಲುವಿನ ಗೋಲು ಬಂದದ್ದು 90 ನಿಮಿಷ ಮುಗಿದ ಮೇಲೆ, ಪೋಲಾದ ವೇಳೆಗಾಗಿ ಸೇರಿಸಿದ ನಿಮಿಷಗಳಲ್ಲಿ. ಶೆಫೀಲ್ಡ್ ಚಾಂಪಿಯನ್‌ಶಿಪ್‌ನಲ್ಲಿಯೇ ಉಳಿಯಿತು.