ಅನ್ಯೋನ್ಯತೆಯ ಇನ್ನರ್ಧ

ಅನ್ಯೋನ್ಯ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ಹೊಂದಿಕೊಂಡು ಬಾಳುವ ಗಂಡ ಹೆಂಡತಿ. ಕ್ರೈಸ್ತ ಸಭೆಗಳಲ್ಲಿ ಇದೇ ಮಾತಿಗೆ ಇನ್ನೊಂದು ಬಾಳುವೆ ಇದೆ. ಅಪೊಸ್ತಲರ ಕೃತ್ಯಗಳ ಎರಡನೆಯ ಅಧ್ಯಾಯ ಯೆರೂಸಲೇಮಿನ ಮೊದಲ ವಿಶ್ವಾಸಿಗಳ ಬದುಕನ್ನು ಹೇಳುವಾಗ ಬೋಧನೆ, ರೊಟ್ಟಿ ಮುರಿಯುವುದು, ಪ್ರಾರ್ಥನೆ ಇವುಗಳ ಸಾಲಿನಲ್ಲಿ ಅನ್ಯೋನ್ಯತೆಯನ್ನೂ ಇಡುತ್ತದೆ. ಅದರ ಹಿಂದಿರುವ ಗ್ರೀಕ್ ಪದ ಕೊಯ್ನೊನಿಯ. ಅದು ವ್ಯವಹಾರದ ಮಾತೂ ಹೌದು. ಯಾಕೋಬ ಯೋಹಾನರು ಮೀನು ಹಿಡಿಯುವುದರಲ್ಲಿ ಸೀಮೋನನ ಪಾಲುಗಾರರಾಗಿದ್ದರು ಎಂದು ಲೂಕ ಹೇಳುವಲ್ಲಿ ಇರುವುದು ಇದೇ ಮೂಲದ ಪದ. ಪಾಲುಗಾರಿಕೆ ಎಂದರೆ ಲಾಭ ಹಂಚಿಕೊಂಡಂತೆಯೇ ಲೆಕ್ಕ ಕೇಳುವುದೂ ಉಂಟು, ಲೆಕ್ಕ ಒಪ್ಪಿಸುವುದೂ ಉಂಟು. ಇಂದು ‘ಫೆಲೋಶಿಪ್’ ಎಂದರೆ ಆರಾಧನೆ ಮುಗಿದ ಮೇಲಿನ ಚಹಾ, ವಾರದ ನಡುವೆ ಮನೆಮನೆಯಲ್ಲಿ ನಡೆಯುವ ಪ್ರಾರ್ಥನಾ ಕೂಟ. ಇವು ಒಳ್ಳೆಯವೇ. ಆದರೆ ಲೆಕ್ಕ ಕೇಳುವ ಅರ್ಧ ಬಿಟ್ಟುಹೋದರೆ ಆ ಮಾತು ಬಡವಾಗುತ್ತದೆ. ತಪ್ಪಿ ನಡೆದ ಸದಸ್ಯರನ್ನು ತಿದ್ದುವ, ತಿದ್ದಿಕೊಳ್ಳದಿದ್ದರೆ ಹೊರಗಿಡುವ ಸಭಾಶಿಸ್ತು ಎಂಬುದು ಅನ್ಯೋನ್ಯತೆಯ ಶತ್ರುವಲ್ಲ, ಅದರೊಳಗೇ ಇರುವ ಹೊಣೆ ಎಂಬುದು ನನ್ನ ವಾದ.

ಈ ವಾದ ಕನ್ನಡದ ಕಿವಿಗೆ ಸುಲಭವಾಗಿ ಇಳಿಯುವುದಿಲ್ಲ, ಕಾರಣ ಬಹಿಷ್ಕಾರ ಎಂಬ ಮಾತು. ನಮ್ಮ ಊರುಗಳಲ್ಲಿ ಬಹಿಷ್ಕಾರವೆಂದರೆ ಅಂಗಡಿಯಲ್ಲಿ ಸಾಮಾನು ಕೊಡದಿರುವುದು, ಕೂಲಿಗೆ ಕರೆಯದಿರುವುದು, ಮದುವೆಗೂ ಸಾವಿಗೂ ಹೋಗದಿರುವುದು. ಜಾತಿ ಬಿಟ್ಟು ಮದುವೆಯಾದವರ ಮೇಲೆ, ಸಮಾನತೆ ಕೇಳಿದ ದಲಿತರ ಮೇಲೆ ಬೀಳುವ ಶಿಕ್ಷೆ ಅದು. ಬಗ್ಗುವ ತನಕ ಹಸಿವೆಯಿಂದ ಹಿಂಡುವುದೇ ಅದರ ರೀತಿ. ಮತ್ತಾಯನ ಸುವಾರ್ತೆಯ 18ನೆಯ ಅಧ್ಯಾಯದ ಕ್ರಮ ಶುರುವಾಗುವುದು ಇದಕ್ಕೆ ಎದುರು ತುದಿಯಿಂದ. ತಪ್ಪು ಕಂಡವನು ಮೊದಲು ಒಬ್ಬನೇ ಹೋಗಿ, ಮೂರನೆಯವರಿಗೆ ತಿಳಿಯದಂತೆ ಮಾತಾಡಬೇಕು. ಕೇಳದಿದ್ದರೆ ಇನ್ನೊಬ್ಬಿಬ್ಬರನ್ನು ಕರೆದುಕೊಂಡು ಹೋಗಬೇಕು. ಸಭೆಯ ಮುಂದೆ ಇಡುವುದು ಆಮೇಲೆ. ಅದಕ್ಕೂ ಕಿವಿಗೊಡದವನನ್ನು ಅನ್ಯಜನರಂತೆ, ಸುಂಕದವನಂತೆ ಎಣಿಸಬೇಕು. ಈ ಕೊನೆಯ ಮಾತನ್ನು ಕಠಿಣವೆಂದು ಓದುವವರು ಒಂದನ್ನು ಮರೆಯುತ್ತಾರೆ: ಜನ ದೂರವಿಡುತ್ತಿದ್ದ ಸುಂಕದವರ ಜೊತೆ ಊಟಕ್ಕೆ ಕುಳಿತದ್ದಕ್ಕಾಗಿಯೇ ಯೇಸುವಿನ ಮೇಲೆ ದೂರು ಬಂದದ್ದು, ಈ ಸುವಾರ್ತೆಗೆ ಯಾರ ಹೆಸರಿದೆಯೋ ಆ ಮತ್ತಾಯನೂ ಸುಂಕದವನೇ. ಹಾಗೆ ಎಣಿಸುವುದೆಂದರೆ ಮತ್ತೆ ಮೊದಲಿನಿಂದ ಕರೆಯಬೇಕಾದವನು ಎಂದು ಎಣಿಸುವುದು.

ಇದನ್ನು ಚರಿತ್ರೆಯಲ್ಲಿ ಅಳೆದು ನೋಡಲು 1527ನೆಯ ಇಸವಿಗಿಂತ ಒಳ್ಳೆಯ ಜಾಗ ನನಗೆ ತಿಳಿಯದು. ಆ ಫೆಬ್ರವರಿಯಲ್ಲಿ ಸ್ವಿಟ್ಜರ್ಲೆಂಡಿನ ಶ್ಲೈಟ್‌ಹೈಮ್‌ನಲ್ಲಿ ಸೇರಿದ ಅನಬ್ಯಾಪ್ಟಿಸ್ಟರು, ಅಂದರೆ ಶಿಶುಗಳಿಗಲ್ಲ, ನಂಬಿ ಬಂದ ವಯಸ್ಕರಿಗಷ್ಟೇ ದೀಕ್ಷಾಸ್ನಾನ ಎನ್ನುತ್ತಿದ್ದವರು, ಏಳು ವಿಷಯಗಳಲ್ಲಿ ಒಮ್ಮತಕ್ಕೆ ಬಂದರು. ಎರಡನೆಯದು ಸಭೆಯಿಂದ ಹೊರಗಿಡುವ ಬಗ್ಗೆ: ಎರಡು ಸಲ ಗುಟ್ಟಾಗಿ ಎಚ್ಚರಿಕೆ, ಮೂರನೆಯ ಸಲ ಎಲ್ಲರೆದುರು, ಅದೂ ರೊಟ್ಟಿ ಮುರಿಯುವ ಮೊದಲು. ಅದೇ ದಾಖಲೆಯ ಇನ್ನೊಂದು ಭಾಗ ಖಡ್ಗದ ಬಗ್ಗೆ: ವಿಶ್ವಾಸಿಗಳ ನಡುವೆ ಶಿಕ್ಷೆಯೆಂದರೆ ಹೊರಗಿಡುವುದಷ್ಟೇ, ಕೊಲ್ಲುವುದಿಲ್ಲ. ಆ ಕಾಲದಲ್ಲಿ ಇದು ದೊಡ್ಡ ಮಾತು. ಅದರ ಹಿಂದಿನ ತಿಂಗಳಷ್ಟೇ ಜೂರಿಚ್ ನಗರ ಅನಬ್ಯಾಪ್ಟಿಸ್ಟ್ ಮುಂದಾಳು ಫೆಲಿಕ್ಸ್ ಮಾಂಟ್ಸ್‌ನನ್ನು ನದಿಯಲ್ಲಿ ಮುಳುಗಿಸಿ ಕೊಂದಿತ್ತು. ಈ ದಾಖಲೆ ಬರೆದವನೆಂದು ಹೇಳಲಾಗುವ ಮೈಕೆಲ್ ಸಾಟ್ಲರ್‌ನನ್ನು ಅದೇ ಮೇ ತಿಂಗಳಲ್ಲಿ ಚಿತ್ರಹಿಂಸೆ ಕೊಟ್ಟು ಸುಟ್ಟರು. ರಾಜ್ಯವೂ ಚರ್ಚೂ ಒಂದಾಗಿದ್ದ ಆ ಲೋಕದಲ್ಲಿ ತಪ್ಪು ನಂಬಿಕೆಗೆ ಶಿಕ್ಷೆ ಮರಣವಾಗಿತ್ತು. ಬೇಟೆಗೆ ಗುರಿಯಾಗಿದ್ದ ಈ ಜನ ತಮ್ಮೊಳಗಿನ ತಪ್ಪಿಗೆ ಆರಿಸಿಕೊಂಡದ್ದು ಕರ್ತನ ಮೇಜಿನಿಂದ, ಅಂದರೆ ರೊಟ್ಟಿ ಮುರಿಯುವ ಆರಾಧನೆಯಿಂದ, ದೂರವಿಡುವುದನ್ನು ಮಾತ್ರ.

ಆದರೆ ಅವರ ವಂಶದವರೇ ಆ ಎಲ್ಲೆಯನ್ನು ದಾಟಿದರು. 1693ರಲ್ಲಿ ಯಾಕೋಬ್ ಅಮ್ಮಾನ್ ಎಂಬ ಹಿರಿಯ, ಹೊರಗಿಟ್ಟವರ ಜೊತೆ ಮನೆಯ ಊಟವನ್ನೂ ಮಾಡಬಾರದೆಂದು ಹಟ ಹಿಡಿದ. ಇನ್ನೊಬ್ಬ ಹಿರಿಯ ಹಾನ್ಸ್ ರೈಸ್ಟ್ ಒಪ್ಪಲಿಲ್ಲ. ಒಡಕು ಅಲ್ಲಿಂದ ಬಂತು. ಅಮ್ಮಾನ್‌ನ ಕಡೆಯವರೇ ಮುಂದೆ ಆಮಿಷ್ ಎನಿಸಿಕೊಂಡರು. ಇಲ್ಲಿ ಬಲವಾದ ಆಕ್ಷೇಪವೊಂದಿದೆ: ಅಂಥವನ ಸಂಗಡ ಊಟವನ್ನೂ ಮಾಡಬೇಡಿ ಎಂದು ಕೊರಿಂಥದವರಿಗೆ ಬರೆದವನು ಸ್ವತಃ ಪೌಲನಲ್ಲವೇ? ಹೌದು. ಆದರೆ ಕೊರಿಂಥದಲ್ಲಿ ಕರ್ತನ ಭೋಜನ ನಡೆಯುತ್ತಿದ್ದದ್ದು ಸಭೆಯ ಸಾಮೂಹಿಕ ಊಟದ ನಡುವೆಯೇ ಎಂಬುದು ಅದೇ ಪತ್ರದ 11ನೆಯ ಅಧ್ಯಾಯದಿಂದ ತಿಳಿಯುತ್ತದೆ. ಎರಡು ಮೇಜುಗಳ ನಡುವಿನ ಗೆರೆ ಆಗ ಇಷ್ಟು ಸ್ಪಷ್ಟವಾಗಿರಲಿಲ್ಲ. ಥೆಸಲೋನಿಕದವರಿಗೆ ಬರೆದ ಎರಡನೆಯ ಪತ್ರವಂತೂ ಅಂಥವನನ್ನು ವೈರಿಯೆಂದು ಎಣಿಸದೆ ಸಹೋದರನೆಂದು ಬುದ್ಧಿ ಹೇಳಲು ಕೇಳುತ್ತದೆ. ಮನೆಯಲ್ಲಿ ತಾಯಿ ಮಗನಿಗೆ ಬಡಿಸುವ ಅನ್ನಕ್ಕೂ ತಡೆ ಬಂದರೆ ಬುದ್ಧಿ ಹೇಳುವ ಸಂದರ್ಭವೇ ಉಳಿಯುವುದಿಲ್ಲ. ಅಲ್ಲಿಗೆ ಸಭಾಶಿಸ್ತು ನಮ್ಮ ಪಂಕ್ತಿಭೇದದ ಪಕ್ಕ ಬಂದು ಕೂರುತ್ತದೆ.

ಇನ್ನೊಬ್ಬರ ಬದುಕಿಗೆ ತೀರ್ಪು ಹೇಳಲು ಸಭೆ ಯಾರು ಎಂಬ ಪ್ರಶ್ನೆಯನ್ನು ಇಷ್ಟು ಸುಲಭವಾಗಿ ದಾಟಲಾಗದು. ಬಡ ವಿಧವೆಯನ್ನೋ ಪ್ರೀತಿಸಿದ ಜೋಡಿಯನ್ನೋ ಹಿಡಿದು ನಿಲ್ಲಿಸಿ, ಹಣವಂತ ಹಿರಿಯನ ಮುಂದೆ ಬಾಯಿ ಮುಚ್ಚುವ ಸಭೆಗಳಿಗೆ ಆ ಅಧಿಕಾರವಿಲ್ಲವೆಂದೇ ನಾನೂ ಹೇಳುತ್ತೇನೆ. ಭಾರತದ ಕಾನೂನೂ ಇದರೊಡನೆ ಹೆಣಗಿದೆ. ಧಾರ್ಮಿಕ ಬಹಿಷ್ಕಾರವನ್ನು ತಡೆಯುವ 1949ರ ಬಾಂಬೆ ಕಾಯ್ದೆಯನ್ನು ದಾವೂದಿ ಬೊಹ್ರಾ ಎಂಬ ಮುಸ್ಲಿಂ ಸಮುದಾಯದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1962ರಲ್ಲಿ ಬಹುಮತದಿಂದ ರದ್ದು ಮಾಡಿತು; ಭಿನ್ನಮತ ಬರೆದವರು ಮುಖ್ಯ ನ್ಯಾಯಮೂರ್ತಿ ಸಿನ್ಹಾ. ಆದರೆ ಶಿಸ್ತನ್ನೇ ಕೈಬಿಟ್ಟರೆ ದುರ್ಬಲರು ಉಳಿಯುತ್ತಾರೆಯೇ? ಅಮೆರಿಕದ ಕ್ಯಾಥೊಲಿಕ್ ಬಿಷಪರಿಗಾಗಿ ಜಾನ್ ಜೇ ಕಾಲೇಜು 2004ರಲ್ಲಿ ಪ್ರಕಟಿಸಿದ ಅಧ್ಯಯನದಂತೆ 1950ರಿಂದ 2002ರವರೆಗೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಆರೋಪ ಹೊತ್ತ ಪಾದ್ರಿಗಳು 4,392. ಅವರಲ್ಲಿ ಎಷ್ಟೋ ಮಂದಿಯನ್ನು ತಡೆದು ನಿಲ್ಲಿಸದೆ ಊರಿಂದೂರಿಗೆ ವರ್ಗ ಮಾಡಲಾಯಿತು. ಇಂಥ ಅಪರಾಧಗಳಲ್ಲಿ ಒಬ್ಬನೇ ಹೋಗಿ ಮಾತಾಡು ಎಂಬ ಮೊದಲ ಮೆಟ್ಟಿಲನ್ನು ನೊಂದ ಮಗುವಿನ ಮೇಲೆ ಹೇರುವುದು ಕ್ರೌರ್ಯ. ಅದು ಪೊಲೀಸರ ಮುಂದೆ ಹೋಗಬೇಕಾದ ದೂರು. ತಿಮೊಥೆಯನಿಗೆ ಬರೆದ ಮೊದಲ ಪತ್ರವೂ ತಪ್ಪು ಮಾಡಿದ ಹಿರಿಯರಿಗೆ ಗುಟ್ಟಿನ ರಿಯಾಯಿತಿ ಕೊಡುವುದಿಲ್ಲ, ಎಲ್ಲರೆದುರಿಗೇ ಗದರಿಸಬೇಕೆನ್ನುತ್ತದೆ. ಆದ್ದರಿಂದ ಯಾವ ಸಭೆಯಾದರೂ ಮೇಜಿನಿಂದ ಒಬ್ಬರನ್ನು ದೂರವಿಡುವ ಮೊದಲು ಎರಡು ಪ್ರಶ್ನೆಗೆ ಉತ್ತರ ಬರೆದಿಡಲಿ: ಇದೇ ತಪ್ಪಿಗೆ ನಮ್ಮ ಸಭಾಪಾಲಕರನ್ನೂ ಹೀಗೇ ನಿಲ್ಲಿಸುತ್ತಿದ್ದೆವೇ? ಇವರು ಮರಳಿ ಬರುವ ದಾರಿ ಯಾವುದು, ಅವರನ್ನು ಕರೆತರಲು ಯಾರು ಹೋಗುತ್ತಾರೆ?